ಹತ್ತು ಮನೆಗಳಿಲ್ಲದ ಇಗರ್ಜಿ

ಮುಂಬೈಯ ಬಗ್ಗೆ ಕನ್ನಡದಲ್ಲಿ ಬಂದಿರುವ ಒಳ್ಳೆಯ ಕಥೆ, ಕಾದಂಬರಿಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಓದಿದರೆ ಪದೇ ಪದೇ ಎದುರಾಗುವವನು ಒಂಟಿ ಮನುಷ್ಯ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಅದರ ನಾಗಪ್ಪನಿಗೆ ಕಂಪನಿಯೊಳಗೆ ತನ್ನ ವಿರುದ್ಧ ಏನೋ ನಡೆಯುತ್ತಿದೆ ಎಂದು ಗೊತ್ತು. ಆದರೆ ನಂಬಿ ಹೇಳಿಕೊಳ್ಳೋಣ ಎಂದರೆ ಯಾರನ್ನು ನಂಬುವುದು ಎಂಬುದೇ ಅವನ ಸಂಕಟ. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಪರಿಚಯವೇ ಇಲ್ಲದವರು ಈ ಮಹಾನಗರದ ಯಾವುದೋ ಮೂಲೆಯಲ್ಲಿ ಸಿಕ್ಕು ಒಂದು ಗಳಿಗೆಯ ಮಟ್ಟಿಗೆ ಬಂಧುಗಳಾಗುತ್ತಾರೆ, ಮತ್ತೆ ಗದ್ದಲದಲ್ಲಿ ಕರಗಿ ಹೋಗುತ್ತಾರೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಹೋರಾಟದ ಮೂಲಕ ಗುಂಪಿನ ಬದುಕನ್ನು ನೋಡಿತು, ನಿಜ. ಆದರೂ ಊರಿನಲ್ಲಿ ಕೂತು ಓದುವವರ ಮನಸ್ಸಿನಲ್ಲಿ ಉಳಿದಿರುವ ಮುಂಬೈ ಕನ್ನಡಿಗ ನಾಗಪ್ಪನೇ.

ಈ ಕೃತಿಗಳ ದೊಡ್ಡತನದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಈ ಒಂಟಿತನವನ್ನೇ ಮುಂಬೈ ವಲಸೆಯ ಇಡೀ ಕಥೆ ಎಂದು ನಾವು ಒಪ್ಪಿಕೊಂಡಿರುವುದರ ಬಗ್ಗೆ. ಕರಾವಳಿಯಿಂದ ಇಲ್ಲಿಗೆ ಬಂದವರು ಹೆಚ್ಚಿನವರು ಒಬ್ಬಂಟಿಯಾಗಿ ಬರಲೇ ಇಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನಿಗೂ ರಾತ್ರಿ ಶಾಲೆ ಇತ್ತು, ಭಜನೆ ಇತ್ತು, ಯಕ್ಷಗಾನ ಇತ್ತು. ನಮ್ಮ ಕಡೆಯ ಕೆಥೊಲಿಕರಿಗೆ ಇದ್ದದ್ದು ಇಗರ್ಜಿ. ಚಿತ್ತಾಲರೇ ಬಹುಕಾಲ ಬಾಳಿದ ಬಾಂದ್ರಾದಲ್ಲಿ ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ ಮೌಂಟ್ ಮೇರಿ ಜಾತ್ರೆ ನಡೆಯುತ್ತದೆ. ಕೈ, ಕಾಲು, ಮನೆ, ಮಗು ಎಂದು ಬೇಡಿಕೆಗೆ ತಕ್ಕ ಆಕಾರದ ಮೇಣದ ಹರಕೆ ಹಿಡಿದುಕೊಂಡು ಎಲ್ಲ ಜಾತಿ, ಮತದವರೂ ಗುಡ್ಡ ಹತ್ತುತ್ತಾರೆ. ಈ ಜಾತ್ರೆಯ ಗದ್ದಲ ಹೊರಗಿನವರಿಗೆ ಕಾಣುತ್ತದೆ. ಅದರ ಹಿಂದೆ ವರ್ಷದ ಉಳಿದ ಐವತ್ತೊಂದು ವಾರ ನಡೆಯುವ ಸಭೆಯ ಬದುಕು ಕಾಣುವುದಿಲ್ಲ. ಕನ್ನಡ ಸಾಹಿತ್ಯಕ್ಕೂ ಅದು ಕಂಡದ್ದು ಕಡಿಮೆ.

ಯಾಕೆ ಹೀಗಾಯಿತು ಎಂದರೆ ಮೊದಲ ಕಾರಣ ಭಾಷೆ. ದಕ್ಷಿಣ ಕನ್ನಡ, ಉಡುಪಿಯ ಕೆಥೊಲಿಕರ ಮನೆಮಾತು ಕೊಂಕಣಿ, ಓದು ಬರಹ ಕನ್ನಡ ಲಿಪಿಯಲ್ಲಿ. ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ 1938ರಲ್ಲಿ ಹುಟ್ಟಿತು. ಮುಂಬೈಯಿಂದಲೇ ‘ಪಯ್ಣಾರಿ’ ಹೊರಟಿತು, 1995ರಲ್ಲಿ ‘ದಿವೊ’ ಬಂತು. ಚಾಳಿನ ಕೋಣೆ, ಗಲ್ಫಿಗೆ ಹೊರಟವನ ವೀಸಾ ಕಾಯುವಿಕೆ, ಆಸ್ಪತ್ರೆಯ ನರ್ಸಮ್ಮ, ಇಗರ್ಜಿಯ ಜಗಳ ಎಲ್ಲವೂ ಕಥೆಗಳಾಗಿ ಬಂದದ್ದು ಇಂಥ ಪತ್ರಿಕೆಗಳಲ್ಲಿ. ಅಕ್ಷರ ಕನ್ನಡದ್ದಾದರೂ ಭಾಷೆ ಕೊಂಕಣಿ ಎಂದು ಕನ್ನಡದ ವಿಮರ್ಶಕರು ಅದನ್ನು ತಮ್ಮದೆಂದುಕೊಳ್ಳಲಿಲ್ಲ. ಭಾಷೆ ಕೊಂಕಣಿಯಾದರೂ ಅಕ್ಷರ ಕನ್ನಡದ್ದು, ಹಾಗಾಗಿ ಗೋವಾದವರಿಗೆ ಓದಲು ಬರಲಿಲ್ಲ. ಅಲ್ಲಿ 1987ರ ರಾಜಭಾಷೆಯ ಕಾನೂನು ಮನ್ನಣೆ ಕೊಟ್ಟದ್ದು ದೇವನಾಗರಿಗೆ. ಎರಡು ಮನೆಯ ನೆಂಟ ಉಪವಾಸ ಬಿದ್ದ ಎನ್ನುವ ಹಾಗೆ ಈ ಬರವಣಿಗೆ ಓದಿದವರ ಮನೆಯ ಅಟ್ಟದಲ್ಲೇ ಉಳಿಯಿತು.

ಕನ್ನಡದಲ್ಲಿ ಕ್ರೈಸ್ತ ಬದುಕನ್ನು ಒಳಗಿನಿಂದ ಬರೆದವರೆಂದರೆ ತಟ್ಟನೆ ನೆನಪಾಗುವವರು ನಾ. ಡಿಸೋಜ. 2025ರ ಜನವರಿಯಲ್ಲಿ ತೀರಿಕೊಂಡ ಅವರ ಒಂದು ಕಾದಂಬರಿಯ ಹೆಸರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’. ಆ ಹೆಸರನ್ನೇ ಸ್ವಲ್ಪ ಹೊತ್ತು ಯೋಚಿಸಿ ನೋಡಿ. ಅದು ಒಂದು ನಕ್ಷೆ. ನಡುವೆ ಇಗರ್ಜಿ, ಸುತ್ತ ಮನೆಗಳು, ಎಣಿಸಿದರೆ ಹತ್ತು. ಯಾರ ಮನೆಯ ದೀಪ ಆರಿದರೂ ಉಳಿದ ಒಂಬತ್ತು ಮನೆಗೆ ಗೊತ್ತಾಗುತ್ತದೆ. ಡಿಸೋಜರು ಬರೆದದ್ದು ಮಲೆನಾಡಿನ ಬದುಕನ್ನು. ಆದರೆ ನಮ್ಮ ಉಡುಪಿ ಕಡೆಯವರಿಗೂ ಈ ನಕ್ಷೆ ಹೊಸದಲ್ಲ. ನಮ್ಮಲ್ಲಿ ಧರ್ಮಕೇಂದ್ರವನ್ನು ವಾಳೆಗಳಾಗಿ ಹಂಚುತ್ತಾರೆ, ಒಂದೊಂದು ವಾಳೆಗೆ ಒಬ್ಬ ಗುರಿಕಾರ. ಗುರಿಕಾರನಿಗೆ ನಿಮ್ಮ ಅಜ್ಜನ ಸಾಲವೂ ಗೊತ್ತು, ನಿಮ್ಮ ಅಕ್ಕನಿಗೆ ಬಂದು ಮುರಿದುಹೋದ ಸಂಬಂಧವೂ ಗೊತ್ತು. ಒಂದು ಭಾನುವಾರ ಪೂಜೆಗೆ ಹೋಗದಿದ್ದರೆ ಸೋಮವಾರ ಬೆಳಿಗ್ಗೆ ಮೀನಿನ ಮಾರ್ಕೆಟಿನಲ್ಲಿ ಕೇಳುತ್ತಾರೆ: “ಎಂತ ಮಾರಾಯ್ರೆ, ಹುಷಾರಿಲ್ಲವಾ?” ಕೇಳುವುದರಲ್ಲಿ ಪ್ರೀತಿ ಎಷ್ಟು, ತನಿಖೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಊರು ಬಿಟ್ಟವರಲ್ಲಿ ಕೆಲವರಾದರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಕ್ಕೆಂದೇ ಬಿಟ್ಟವರು.

ಮುಂಬೈಯಲ್ಲಿ ಈ ನಕ್ಷೆ ಇಲ್ಲ. ಮಲಾಡಿನ ಓರ್ಲೆಮ್, ಬೊರಿವಲಿಯ ಐ.ಸಿ. ಕಾಲನಿ, ಕಲೀನಾ, ಮರೋಲ್ ಎಲ್ಲಿಯೇ ನೋಡಿ, ಇಗರ್ಜಿಯ ಸುತ್ತ ಇರುವುದು ಏಳು ಮಹಡಿ, ಇಪ್ಪತ್ತು ಮಹಡಿಯ ಕಟ್ಟಡಗಳು. ಒಂದೇ ಲಿಫ್ಟಿನಲ್ಲಿ ಗೋವಾದವರು, ವಸಾಯಿಯವರು, ಮಲಯಾಳಿಗಳು, ತಮಿಳರು, ನಾವು. ಇಲ್ಲಿಯ ಮೂಲ ಕ್ರೈಸ್ತರು ತಮ್ಮನ್ನು ಈಸ್ಟ್ ಇಂಡಿಯನ್ನರು ಎಂದು ಕರೆದುಕೊಳ್ಳುತ್ತಾರೆ. 1887ರಲ್ಲಿ, ವಿಕ್ಟೋರಿಯಾ ರಾಣಿಯ ಐವತ್ತನೆಯ ವರ್ಷದ ಹೊತ್ತಿಗೆ, ಅವರು ಈ ಹೆಸರನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ ನಾವೇ. ಕೆಲಸ ಹುಡುಕಿಕೊಂಡು ಬರುತ್ತಿದ್ದ ಗೋವಾ, ಮಂಗಳೂರಿನ ಕ್ರೈಸ್ತರಿಂದ ತಾವು ಬೇರೆ, ತಾವು ಈ ನೆಲದವರು ಎಂದು ಸರಕಾರಕ್ಕೆ ತೋರಿಸಬೇಕಾಗಿತ್ತು. ಅಂದರೆ ‘ಮಣ್ಣಿನ ಮಕ್ಕಳು’ ಎಂಬ ಮಾತು ಈ ನಗರದ ರಾಜಕೀಯಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಇಗರ್ಜಿಯ ಬೆಂಚುಗಳ ನಡುವೆ ಆ ಗೆರೆ ಬಿದ್ದಿತ್ತು.

ಧರ್ಮಸಭೆಯ ಕಾನೂನು ಮಾತ್ರ ಈ ಗೆರೆಯನ್ನು ಒಪ್ಪುವುದಿಲ್ಲ. 1983ರ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರ ಎಂದರೆ ಸಾಮಾನ್ಯವಾಗಿ ಒಂದು ಸೀಮೆ. ಆ ಸೀಮೆಯೊಳಗೆ ವಾಸಿಸುವವರೆಲ್ಲ ಅದರವರು. ಮೂರು ತಿಂಗಳು ವಾಸವಿದ್ದರೆ ಅರೆವಾಸಿ, ಐದು ವರ್ಷ ಕಳೆದರೆ ಪೂರ್ಣ ನಿವಾಸಿ. ರೇಷನ್ ಕಾರ್ಡಿಗಿಂತ ಇದು ಎಷ್ಟೋ ಸುಲಭ! ಸಂಹಿತೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ: ಭಾಷೆ ಅಥವಾ ವಿಧಿಯ ಆಧಾರದ ಮೇಲೂ ಧರ್ಮಕೇಂದ್ರ ಕಟ್ಟಬಹುದು. ಮಲಯಾಳಿ ಸೀರೊ ಮಲಬಾರ್ ಕ್ರೈಸ್ತರದ್ದು ವಿಧಿಯೇ ಬೇರೆ, ಹಾಗಾಗಿ ಅವರಿಗೆ 1988ರಲ್ಲಿ ಕಲ್ಯಾಣ್ ಧರ್ಮಪ್ರಾಂತ್ಯವೇ ಸಿಕ್ಕಿತು. ಇಲ್ಲಿ ಅವರು ಮಲಯಾಳದಲ್ಲಿ ಹುಟ್ಟಿ, ಮಲಯಾಳದಲ್ಲಿ ಮದುವೆಯಾಗಿ, ಮಲಯಾಳದಲ್ಲಿ ಮಣ್ಣಾಗಬಹುದು. ಬೀದರ್, ಕಲಬುರ್ಗಿ ಕಡೆಯಿಂದ ಬಂದ ಪ್ರಾಟೆಸ್ಟೆಂಟರಿಗೆ ಕನ್ನಡದಲ್ಲೇ ಆರಾಧನೆ ಮಾಡುವ ಸಭೆಗಳುಂಟು. ನಾವು ಲ್ಯಾಟಿನ್ ವಿಧಿಯವರು, ಈ ಮಹಾಧರ್ಮಪ್ರಾಂತ್ಯವೂ ಅದೇ ವಿಧಿಯದು. ಹಾಗಾಗಿ ನಮಗೆ ಬೇರೆ ಮನೆ ಇಲ್ಲ, ದೊಡ್ಡ ಮನೆಯಲ್ಲಿ ಒಂದು ಚಾಪೆ. ಅದು ಸರಿಯೇ ಎನ್ನುವುದು ನನ್ನ ಅಭಿಪ್ರಾಯ. ನೆರೆಹೊರೆಯವನ ಜೊತೆ ಪ್ರಾರ್ಥಿಸದೆ ಊರಿನವನ ಜೊತೆ ಮಾತ್ರ ಪ್ರಾರ್ಥಿಸುವುದಾದರೆ ಅದಕ್ಕೆ ಸಂಘ ಸಾಕು, ಇಗರ್ಜಿ ಯಾಕೆ? ಆದರೆ ಚಾಪೆ ಹಾಸಿಕೊಳ್ಳುವ ಕೆಲಸ ನಾವೇ ಮಾಡಬೇಕು.

ನಾವು ಮಾಡಿದ್ದೇನು? ಮನಸ್ಸನ್ನು ಊರಿನ ಇಗರ್ಜಿಯಲ್ಲಿಟ್ಟು ದೇಹವನ್ನು ಇಲ್ಲಿಯ ಕೊನೆಯ ಬೆಂಚಿನಲ್ಲಿ ಕೂರಿಸಿದೆವು. ಮಗುವಿನ ದೀಕ್ಷಾಸ್ನಾನ ಊರಿನಲ್ಲಿ, ಮದುವೆ ಊರಿನಲ್ಲಿ, ಗಂಟೆ ಗೋಪುರಕ್ಕೆ ದೇಣಿಗೆ ಊರಿಗೆ. ಇದಕ್ಕೆ ಕಾನೂನಿನದ್ದೂ ಒಂದು ಪಾಲುಂಟು. ಎಲ್ಲಿ ಮದುವೆಯಾದರೂ ಆ ವಿವರ ನಿಮ್ಮ ದೀಕ್ಷಾಸ್ನಾನ ದಾಖಲಾದ ಪುಸ್ತಕಕ್ಕೆ ಹೋಗಿ ಸೇರಬೇಕು. ಹಾಗಾಗಿ ಮನುಷ್ಯ ಕುರ್ಲಾದಲ್ಲಿರಲಿ, ಕುವೈತಿನಲ್ಲಿರಲಿ, ಅವನ ಹೆಸರಿನ ಸಾಲು ಹುಟ್ಟಿದೂರಿನ ಕಪಾಟಿನಲ್ಲಿ ಬೆಳೆಯುತ್ತಾ ಇರುತ್ತದೆ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಈ ಸೆಳೆತ ಇನ್ನೂ ಬಲವಾಯಿತು. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು. ಹಬ್ಬಕ್ಕೆ ಹೋಗಿ ಬರುವುದು ಸುಲಭವಾದಂತೆ ಇಲ್ಲಿಯ ಹಬ್ಬ ಬೇರೆಯವರ ಹಬ್ಬವಾಯಿತು.

ಇದರ ಬೆಲೆ ಏನು ಎನ್ನುವುದನ್ನು ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. ಕುಂದಾಪುರ ಕಡೆಯ ಒಬ್ಬರು ಹತ್ತೊಂಬತ್ತು ವರ್ಷ ನಮ್ಮ ಮೇಲಿನ ಮಹಡಿಯಲ್ಲಿದ್ದರು. ತುಂಬ ಕೊಡುಗೈ ಮನುಷ್ಯ. ಊರಿನ ಇಗರ್ಜಿಯ ಅಮೃತಶಿಲೆಯ ಫಲಕದಲ್ಲಿ ಅವರ ಹೆಸರು ಮೂರನೆಯದು. ಇಲ್ಲಿ ಮಾತ್ರ ಭಾನುವಾರ ಕೊನೆಯ ಆಶೀರ್ವಾದಕ್ಕೆ ಮೊದಲೇ ಹೊರಟುಬಿಡುತ್ತಿದ್ದರು. ಒಂದು ಜುಲೈ ತಿಂಗಳ ರಾತ್ರಿ ಎದೆನೋವು ಬಂದು ತೀರಿಕೊಂಡರು. ಮಳೆ ಎಂದರೆ ಮಳೆ, ಘಾಟಿಯಲ್ಲಿ ಮಣ್ಣು ಕುಸಿದು ರೈಲು ನಿಂತಿತ್ತು. ಇಲ್ಲಿಯೇ ಮಣ್ಣು ಮಾಡೋಣ ಎಂದು ಮಕ್ಕಳು ತೀರ್ಮಾನಿಸಿ ಇಗರ್ಜಿಯ ಕಚೇರಿಗೆ ಹೋದರೆ ಅಲ್ಲಿಯವರು ಕೇಳಿದ್ದು, “ಫ್ಯಾಮಿಲಿ ಕಾರ್ಡ್ ಉಂಟಾ? ಯಾವ ಕಮ್ಯುನಿಟಿ?” ಕಾರ್ಡಿಲ್ಲ, ಕಮ್ಯುನಿಟಿ ಯಾವುದೆಂದು ಮಗನಿಗೆ ಗೊತ್ತಿಲ್ಲ. ಎರಡು ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಹತ್ತೊಂಬತ್ತು ವರ್ಷ ಅದೇ ಸೀಮೆಯೊಳಗೆ ಬಾಳಿದವನ ಮಗನನ್ನು ಹಾಗೆ ಕೂರಿಸಿದ್ದು ನನಗೆ ಇವತ್ತಿಗೂ ಸರಿ ಎನಿಸುವುದಿಲ್ಲ.

‘ಕಮ್ಯುನಿಟಿ’ ಎಂದರೆ ಜಾತಿಯಲ್ಲ, ಕಿರು ಕ್ರೈಸ್ತ ಸಮುದಾಯ. ಇಷ್ಟು ದೊಡ್ಡ ಧರ್ಮಕೇಂದ್ರಗಳಲ್ಲಿ ಯಾರು ಯಾರೆಂದು ಪಾದ್ರಿಗಳಿಗೆ ತಿಳಿಯುವುದು ಅಸಾಧ್ಯ ಎಂದು 1980ರ ದಶಕದಲ್ಲಿ ಮುಂಬೈ ಮಹಾಧರ್ಮಪ್ರಾಂತ್ಯ ಕಟ್ಟಡಗಳನ್ನು, ಗಲ್ಲಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿತು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವುದು, ಶುಭಸಂದೇಶ ಓದುವುದು, ಕಾಯಿಲೆಯವರ ಪಟ್ಟಿ ಮಾಡುವುದು, ಮನೆ ಮನೆಯ ವಿವರ ಬರೆದಿಟ್ಟುಕೊಳ್ಳುವುದು. ನೋಡಿದರೆ ಇದು ನಮ್ಮ ವಾಳೆಯೇ. ವ್ಯತ್ಯಾಸ ಇಷ್ಟೆ: ಊರಿನ ಗುರಿಕಾರನಿಗೆ ನಿಮ್ಮ ವಂಶ ಗೊತ್ತು, ಇಲ್ಲಿಯ ಸಂಯೋಜಕಿಗೆ ನಿಮ್ಮ ಫ್ಲ್ಯಾಟ್ ನಂಬರ್ ಮಾತ್ರ ಗೊತ್ತು. ಆ ನಂಬರನ್ನಾದರೂ ನಾವು ಕೊಡಬೇಕಷ್ಟೆ. ನಮ್ಮ ಕಟ್ಟಡದ ಸಂಯೋಜಕಿ ನೆಲಮಹಡಿಯ ಒಬ್ಬ ಈಸ್ಟ್ ಇಂಡಿಯನ್ ಟೀಚರ್. ಈ ಮನುಷ್ಯನ ಬಾಗಿಲನ್ನು ಆಕೆ ಮೂರು ವರ್ಷ ತಟ್ಟಿದ್ದರು. “ನಮ್ಮದೆಲ್ಲ ಊರಿನಲ್ಲಿ ಉಂಟು ಟೀಚರ್” ಎಂದು ನಗುತ್ತಾ ಕಳಿಸಿದ್ದರಂತೆ. ಆ ದಿನ ಆಕೆಯೇ ಕೊಡೆ ಹಿಡಿದುಕೊಂಡು ಹೋಗಿ ಫಾದರಿಗೆ ಹೇಳಿದರು: “ಇವರು ನಮ್ಮ ಬಿಲ್ಡಿಂಗಿನವರು, ನಾನು ಹೇಳುತ್ತೇನಲ್ಲ.” ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಮರುದಿನ ಗೋರಿಯ ಬಳಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ನಿಂತಿದ್ದವರಲ್ಲಿ ಮುಕ್ಕಾಲು ಜನ ಅವರಿಗೆ ಹೆಸರು ಹಿಡಿದು ಗೊತ್ತಿರದ ನೆರೆಯವರು. ಹಾಡೆಲ್ಲ ಇಂಗ್ಲಿಷಿನಲ್ಲಿ. ಅವರ ಹೆಂಡತಿಗೆ ಒಂದೂ ಬರುತ್ತಿರಲಿಲ್ಲ.

ಈ ನಗರದಲ್ಲಿ ಮಣ್ಣಿಗೂ ಬರ. ಸಾಮಾನ್ಯ ಗೋರಿಯನ್ನು ಕೆಲವು ವರ್ಷದ ನಂತರ ತೆಗೆದು ಮತ್ತೊಬ್ಬರಿಗೆ ಕೊಡುತ್ತಾರೆ, ಮೂಳೆಗಳು ಗೋಡೆಯ ಗೂಡಿಗೆ ಹೋಗುತ್ತವೆ. ಹೆಸರು ಊರಿನ ಕಲ್ಲಿನ ಮೇಲೆ, ಮೂಳೆ ಇಲ್ಲಿಯ ಗೂಡಿನಲ್ಲಿ. ವಲಸೆ ಹೋದ ಕ್ರೈಸ್ತನ ಪಾಡನ್ನು ಇದಕ್ಕಿಂತ ನೇರವಾಗಿ ಹೇಳುವ ಮಾತು ನನಗೆ ಸಿಕ್ಕಿಲ್ಲ. ನಾಗಪ್ಪನ ಸಮಸ್ಯೆ ಯಾರೂ ಇಲ್ಲದಿರುವುದು. ಇವರ ಸಮಸ್ಯೆ ಬೇರೆ: ಸುತ್ತ ಎಲ್ಲರೂ ಇದ್ದರು, ಬಾಗಿಲು ತಟ್ಟುತ್ತಲೂ ಇದ್ದರು. ಇದನ್ನು ಬರೆಯುವ ಕಾದಂಬರಿಕಾರ ನಮಗೆ ಇನ್ನೂ ಬಂದಿಲ್ಲ.

ಸಭೆಯ ಕಡೆಯ ಲೋಪಗಳನ್ನೂ ಹೇಳದಿದ್ದರೆ ವಿಮರ್ಶೆ ಒಂದು ಕಣ್ಣಿನದಾಗುತ್ತದೆ. ಎರಡನೆಯ ವ್ಯಾಟಿಕನ್ ಸಮ್ಮೇಳನ (1962–65) ಪೂಜೆಯನ್ನು ಲ್ಯಾಟಿನ್‌ನಿಂದ ಬಿಡಿಸಿ ಜನರ ಭಾಷೆಗೆ ತಂದಿತು. ಮುಂಬೈಯಲ್ಲಿ ‘ಜನರ ಭಾಷೆ’ ಯಾವುದು? ನಗರದ ಹೆಚ್ಚಿನ ಇಗರ್ಜಿಗಳು ಕೊಟ್ಟ ಉತ್ತರ ಇಂಗ್ಲಿಷ್. ಯಾರ ಭಾಷೆಯೂ ಅಲ್ಲದ್ದರಿಂದ ಎಲ್ಲರಿಗೂ ನ್ಯಾಯ ಎಂಬ ಲೆಕ್ಕ. ಬೆಂಗಳೂರಿನ ಇಗರ್ಜಿಗಳಲ್ಲಿ ಕನ್ನಡ, ತಮಿಳು ಎಂದು ನಡೆದ ಜಗಳಗಳನ್ನು ನೋಡಿದವರಿಗೆ ಈ ಲೆಕ್ಕದ ಜಾಣತನ ಅರ್ಥವಾಗುತ್ತದೆ. ಆದರೆ ಎಲ್ಲರಿಗೂ ಎಂದರೆ ಓದಿದ ಎಲ್ಲರಿಗೂ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಕರೆತಂದ ಅಜ್ಜಿಯಂದಿರು ಎಷ್ಟು ಜನ! ಅವರು ಪೂಜೆಯನ್ನು ಹೇಗೋ ಅಂದಾಜಿನಲ್ಲಿ ಹಿಂಬಾಲಿಸುತ್ತಾರೆ, ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ಗೊತ್ತಿರುತ್ತದಲ್ಲ. ಪಾಪನಿವೇದನೆಗೆ ಏನು ಮಾಡುವುದು? ದೇವರಿಗೆ ಎಲ್ಲ ಭಾಷೆ ಬರುತ್ತದೆ ಎನ್ನುವುದು ನಿಜ, ಕಿಟಕಿಯ ಆ ಬದಿ ಕೂತ ಗುರುಗಳಿಗೆ ಬರಬೇಕಲ್ಲ. ಎಪ್ಪತ್ತೈದು ವರ್ಷದ ನಮ್ಮ ಸಂಬಂಧಿ ಒಬ್ಬರು ಎಂಟು ತಿಂಗಳು ಕಾದು, ಊರಿಗೆ ಹೋದಾಗ ಪಾಪನಿವೇದನೆ ಮಾಡಿ ಬಂದರು. “ಬಾಯಿ ಇಲ್ಲದವಳ ಹಾಗೆ ಆಗಿದೆ ನೋಡು ಮಗಾ” ಎಂದದ್ದು ಅವರ ಮಾತು.

ಮಾಹಿಮಿನ ಸೇಂಟ್ ಮೈಕಲ್ ಇಗರ್ಜಿಯಲ್ಲಿ 1948ರ ಸೆಪ್ಟೆಂಬರ್ 8ರಂದು ಶುರುವಾದ ಬುಧವಾರದ ನೊವೆನಾ ಇದಕ್ಕೆ ಒಂದು ದಾರಿ ತೋರಿಸಿದೆ. ಇಂಗ್ಲಿಷ್ ಅಲ್ಲದೆ ಕೊಂಕಣಿ, ಮರಾಠಿ, ಹಿಂದಿಯಲ್ಲೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಮನೆಗೆಲಸದ ಹೆಂಗಸರು, ಆಯಾಗಳು, ವೀಸಾಕ್ಕೆ ಕಾಯುವ ಹುಡುಗರು, ಮತ ಯಾವುದಾದರೂ ಸರಿ, ಸಾವಿರಗಟ್ಟಲೆ ಬರುತ್ತಾರೆ. ಹಾಗೆಂದು ಅದು ಸಭೆಯಲ್ಲ, ಜಂಗುಳಿ. ಅಲ್ಲಿ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ, ಎಷ್ಟೋ ಜನ ಹೋಗುವುದೂ ಅದಕ್ಕೇ. ನಮ್ಮ ಕೊಂಕಣಿ ಸಂಘಗಳು ಇನ್ನೊಂದು ಕಡೆಗೆ ವಾಲಿವೆ. ಹಾಲ್ ಹಿಡಿದು, ಬ್ಯಾಂಡ್ ಕರೆಸಿ, ಶಾಲು ಹೊದೆಸಿ, ಸನ್ಮಾನ ಮಾಡಿ ಮುಗಿಸಿದರೆ ವರ್ಷದ ಕೆಲಸ ಆಯಿತು. ಸೆಪ್ಟೆಂಬರಿನ ಮೊಂತಿ ಫೆಸ್ತ್ ಒಂದರಲ್ಲಿ ಮಾತ್ರ ಎರಡೂ ಕೂಡುತ್ತವೆ. ನಮ್ಮವರು ಹೆಚ್ಚಿರುವ ಕಡೆಗಳಲ್ಲಿ ಅಂದು ಕೊಂಕಣಿ ಪೂಜೆ, ಮಕ್ಕಳು ಮರಿಯಮ್ಮನಿಗೆ ಹೂವು ಎರಚುತ್ತಾರೆ, ಆಶೀರ್ವದಿಸಿದ ತೆನೆ ಹಂಚುತ್ತಾರೆ, ಮನೆಯಲ್ಲಿ ಹೊಸ ಅಕ್ಕಿಯ ಊಟ. ಗದ್ದೆಯನ್ನೇ ಕಾಣದ ಮಕ್ಕಳ ಕೈಗೆ ತೆನೆ ಬರುತ್ತದೆ, ಒಳ್ಳೆಯದೇ. ಆದರೆ ವರ್ಷಕ್ಕೊಂದು ದಿನದ ಕೊಂಕಣಿ ಪೂಜೆಯಿಂದ ಅಜ್ಜಿಯ ಪಾಪನಿವೇದನೆಯ ಸಮಸ್ಯೆ ಬಗೆಹರಿಯುವುದಿಲ್ಲ. ಸಂಘದವರು ಹಾಲಿನ ಬಾಡಿಗೆಯಲ್ಲಿ ಸ್ವಲ್ಪ ಉಳಿಸಿ, ಪ್ರತಿ ಉಪನಗರದಲ್ಲಿ ತಿಂಗಳಿಗೊಮ್ಮೆ ಕೊಂಕಣಿ ಬಲ್ಲ ಗುರುಗಳೊಬ್ಬರನ್ನು ಕರೆಸಿ ಕೂರಿಸಿದರೆ ಬಗೆಹರಿದೀತು.

2020ರ ಮಾರ್ಚ್‌ನಲ್ಲಿ ಇಗರ್ಜಿಗಳು ಮುಚ್ಚಿದಾಗ ಪೂಜೆ ಮೊಬೈಲಿಗೆ ಬಂತು. ಆಮೇಲೆ ಬಾಗಿಲು ತೆರೆದರೂ ಕೆಲವರು ಮೊಬೈಲಿನಲ್ಲೇ ಉಳಿದರು, ಅದರಲ್ಲೂ ಊರಿನ ಇಗರ್ಜಿಯ ಪೂಜೆಗೆ. ಕೊಂಕಣಿಯಲ್ಲಿರುತ್ತದೆ, ಗುರುತಿನ ಮುಖಗಳು ಕಾಣುತ್ತವೆ, ಹಾಡೂ ಹಳೆಯದೇ. ಕಾಯಿಲೆಯವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ಗಟ್ಟಿ ಮುಟ್ಟಾಗಿರುವವರಿಗೆ ಮಾತ್ರ ಇದೊಂದು ಹೊಸ ಕೊನೆಯ ಬೆಂಚು: ನೀವು ಅವರನ್ನು ನೋಡುತ್ತೀರಿ, ಅವರು ನಿಮ್ಮನ್ನು ನೋಡುವುದಿಲ್ಲ. ನೀವು ಬರದಿದ್ದರೆ ಸೋಮವಾರ ಮೀನಿನ ಮಾರ್ಕೆಟಿನಲ್ಲಿ ಕೇಳುವವರಿಲ್ಲ. ಅಷ್ಟಕ್ಕೂ ಊರಿನ ಇಗರ್ಜಿ ನಾವು ಬಿಟ್ಟುಬಂದ ಜಾಗದಲ್ಲೇ ನಿಂತಿದೆಯೇ? ಮಂಗಳೂರು ಧರ್ಮಪ್ರಾಂತ್ಯದಲ್ಲಿ ಹುಟ್ಟಿದ ನಾನು 2012ರಿಂದ ಉಡುಪಿ ಧರ್ಮಪ್ರಾಂತ್ಯದ ಊರಿನವನಾದೆ. ಇಲ್ಲಿ ವಸಾಯಿಗೆ ಮನೆ ಮಾಡಿಕೊಂಡು ಹೋಗಿದ್ದವರು 1998ರಲ್ಲಿ ಮುಂಬೈಯಿಂದ ಬೇರೆಯಾದರು. ಗಡಿಗಳು ಸರಿಯುತ್ತವೆ. ಸರಿಯದೆ ನಮ್ಮ ಬಳಿ ಇರುವುದು ನೆಲಮಹಡಿಯ ಟೀಚರ್.

ಹಾಗಾಗಿ ಕನ್ನಡದ ಬರಹಗಾರರಲ್ಲಿ, ಮುಖ್ಯವಾಗಿ ಮುಂಬೈಯಲ್ಲಿ ಹುಟ್ಟಿ ಕನ್ನಡ ಓದಲು ಕಲಿತ ಕೆಲವೇ ಕೆಲವು ಮಕ್ಕಳಲ್ಲಿ, ನನ್ನದೊಂದು ಕೇಳಿಕೆ. ಜೆರ್ರಿ ಪಿಂಟೊ 2012ರಲ್ಲಿ ಮಾಹಿಮಿನ ಒಂದು ಸಣ್ಣ ಫ್ಲ್ಯಾಟಿನ ಕೆಥೊಲಿಕ್ ಕುಟುಂಬವನ್ನು ಇಂಗ್ಲಿಷ್ ಕಾದಂಬರಿಯಾಗಿ ಬರೆದರು. ಮನೆಯೊಳಗಿನ ನೋವಿಗೆ ಅದು ಸಾಕು. ನನಗೆ ಬೇಕಾದದ್ದು ಮನೆಯಿಂದ ಹೊರಗೆ ಬಂದು ಮೆಟ್ಟಿಲಿಳಿಯುವ ಕಾದಂಬರಿ. ಪಟ್ಟಿ ಹಿಡಿದುಕೊಂಡು ಬಾಗಿಲು ತಟ್ಟುವ ಸಂಯೋಜಕಿ, ಕಾರ್ಡು ಕೇಳುವ ಗುಮಾಸ್ತ, ಮಳೆಯಲ್ಲಿ ಗೋರಿ ತೋಡುವವನು, ಮಾತು ಬಾರದೆ ಕೂತ ಅಜ್ಜಿ, ಇವರೆಲ್ಲ ಇರುವ ಕಾದಂಬರಿ. ಅದನ್ನು ಕೊಂಕಣಿಯಲ್ಲಿ ಬರೆದರೆ ಕನ್ನಡಕ್ಕೆ ತನ್ನಿ, ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ. ಊರಿನಲ್ಲಿ ಓದುವ ನಿಮ್ಮಲ್ಲಿ ಕೇಳುವುದೂ ಒಂದುಂಟು. ಮುಂಬೈಯಲ್ಲಿರುವ ಮಗನೋ ತಮ್ಮನೋ ಇಗರ್ಜಿಯ ಜೀರ್ಣೋದ್ಧಾರಕ್ಕೆಂದು ಹಣ ಕಳಿಸಿದಾಗ ರಶೀದಿಯ ಜೊತೆ ಒಂದು ಮಾತು ಕೇಳಿ: “ಅಲ್ಲಿ ನಿನ್ನ ಹೆಸರು ಬರೆಸಿದ್ದೀಯಾ?”